ದೊಡ್ಡಹುಣಸೆಯ ತವರಿನಲ್ಲಿ ಹತ್ತು ದಿನ

ನಮ್ಮೂರು ಸವಣೂರಿನ ಹತ್ತಿರ. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಮೂರು ಮರಗಳಿವೆ, ನೋಡಿದವರಿಗೆ ಗೊತ್ತಿರುತ್ತದೆ. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದಂಥ ಬುಡ. ಚಿಕ್ಕವನಿದ್ದಾಗ ಅಜ್ಜಿ ಜಾತ್ರೆಗೆ ಕರೆದುಕೊಂಡು ಹೋದಾಗೆಲ್ಲ ಆ ಬುಡಕ್ಕೆ ಕೈ ಒತ್ತಿ ನಿಲ್ಲುತ್ತಿದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ಬಾವೋಬಾಬ್ ಅನ್ನುತ್ತಾರೆ, ಅದು ಆಫ್ರಿಕಾದ ಮರ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಅವತ್ತಿನಿಂದ ಆ ಮರದ ತವರು ನೋಡಬೇಕು ಅಂತ ಮನಸ್ಸಿನಲ್ಲಿತ್ತು.

2015ರಲ್ಲಿ ಅದು ಕೂಡಿಬಂತು. ನಮ್ಮ ಭಾವ ಆಗ ಘಾನಾದ ಅಕ್ರಾದಲ್ಲಿ ಪಂಪ್‌ಸೆಟ್ ಮಾರುವ ಕೆಲಸದಲ್ಲಿದ್ದರು. ಕೆಲಸದ ಮೇಲೆ ಉತ್ತರದ ಬುರ್ಕಿನಾ ಫಾಸೊಗೆ ಆಗಾಗ ಹೋಗುತ್ತಿದ್ದರು, ಫ್ರೆಂಚ್ ಕೂಡ ತಕ್ಕಮಟ್ಟಿಗೆ ಕಲಿತಿದ್ದರು. "ಬಾ, ಬಸ್ಸಿನಲ್ಲೇ ಹೋಗೋಣ" ಅಂದರು. ನಮ್ಮಲ್ಲಿ ಆ ದೇಶದ ಹೆಸರು ಕೇಳಿಬರುವುದು ಕ್ವಿಜ್‌ನಲ್ಲಿ ರಾಜಧಾನಿ ಕೇಳಿದಾಗ, ಇಲ್ಲವೇ ಬಡ ದೇಶಗಳ ಪಟ್ಟಿ ಪೇಪರಿನಲ್ಲಿ ಬಂದಾಗ. ನನಗೂ ಅಷ್ಟೇ ಗೊತ್ತಿತ್ತು.

ಮೊದಲ ದಿನ, ಫೆಬ್ರವರಿ 26, ಗುರುವಾರ

ಅಕ್ರಾದಿಂದ ಹಿಂದಿನ ದಿನವೇ ಹೊರಟಿದ್ದೆವು. ಕುಮಾಸಿ, ತಮಾಲೆ, ಬೋಲ್ಗಾಟಂಗಾ ದಾಟಿ ಗಡಿಗೆ. ರಾಜಧಾನಿಗೆ ಒಟ್ಟು ಸುಮಾರು ಸಾವಿರ ಕಿಲೋಮೀಟರ್. ದಕ್ಷಿಣದಲ್ಲಿ ಹಸಿರು ಕಾಡು, ಮೇಲೆ ಹೋದಂತೆ ಮರ ಕಡಿಮೆ, ಹುಲ್ಲು ಜಾಸ್ತಿ, ಆಮೇಲೆ ಹುಲ್ಲೂ ಒಣಗಿ ಕೆಂಪು ಮಣ್ಣು. ಬಸ್ಸಿನ ಕಿಟಕಿಯಲ್ಲಿ ಮೊದಲ ದೊಡ್ಡಹುಣಸೆ ಕಂಡಿದ್ದು ಬೋಲ್ಗಾಟಂಗಾ ಹತ್ತಿರ. ಆಮೇಲೆ ಎರಡು, ನಾಲ್ಕು, ಆಮೇಲೆ ಲೆಕ್ಕ ಬಿಟ್ಟೆ. ಎಲೆ ಉದುರಿಸಿ, ಬೇರು ಮೇಲೆ ಮಾಡಿ ನೆಟ್ಟ ಹಾಗೆ ಹೊಲದ ನಡುವೆ ನಿಂತಿದ್ದವು. ನಮ್ಮಲ್ಲಿ ಮೂರಕ್ಕೆ ಮಠ ಕಟ್ಟಿ ಕೈ ಮುಗಿಯುತ್ತೇವೆ, ಇಲ್ಲಿ ಅವು ಬೇವಿನ ಮರದ ಹಾಗೆ ಊರಿಗೆ ಹತ್ತರಂತೆ ಇದ್ದವು.

ಗಡಿಯಲ್ಲಿ ಘಾನಾ ಕಡೆಯ ಊರು ಪಾಗಾ, ಆ ಕಡೆಯದು ಡಕೋಲಾ. ಅಲ್ಲಿ ಲಾರಿಗಳ ಸಾಲು ನೋಡಬೇಕು. ಸಿಮೆಂಟು, ಅಕ್ಕಿ, ಬೈಕು, ಡೀಸೆಲ್ಲು, ಎಲ್ಲ ಘಾನಾದ ತೆಮಾ ಬಂದರಿನಿಂದ ರಸ್ತೆ ಮೇಲೆಯೇ ಬರಬೇಕು. ಸಮುದ್ರ ಇಲ್ಲದ ದೇಶ ಅಂದರೆ ಏನು ಅಂತ ಆ ಸಾಲಿನಲ್ಲಿ ಅರ್ಥವಾಯಿತು. ಬುರ್ಕಿನಾಗೆ ಆರು ನೆರೆ ದೇಶಗಳು: ಮಾಲಿ, ನೈಜರ್, ಬೆನಿನ್, ಟೋಗೊ, ಘಾನಾ, ಐವರಿ ಕೋಸ್ಟ್. ಬಂದರಿಗೆ ಹೋಗಬೇಕೆಂದರೆ ಯಾರದಾದರೂ ಅಂಗಳ ದಾಟಲೇಬೇಕು. ಒಂದು ಚೀಲ ಸಿಮೆಂಟಿನ ಬೆಲೆಯಲ್ಲಿ ಅರ್ಧ ದಾರಿ ಖರ್ಚೇ ಇರುತ್ತದೆ ಅಂತ ಒಬ್ಬ ಲಾರಿ ಚಾಲಕ ಭಾವನ ಹತ್ತಿರ ಹೇಳಿಕೊಂಡ. ಅವನು ಮೂರು ದಿನದಿಂದ ಅಲ್ಲೇ ಲಾರಿ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ.

ಹಳದಿ ಜ್ವರದ ಲಸಿಕೆ ಕಾರ್ಡು ನೋಡಿದರು. ಆಗ ನೆರೆಹೊರೆಯ ಕೆಲವು ದೇಶಗಳಲ್ಲಿ ಎಬೋಲಾ ಇತ್ತು, ಹಾಗಾಗಿ ಕೈ ತೊಳೆಸಿದರು, ಹಣೆಗೆ ಥರ್ಮಾಮೀಟರ್ ಹಿಡಿದರು. ಬುರ್ಕಿನಾದಲ್ಲಿ ಒಂದು ಪ್ರಕರಣವೂ ಬರಲಿಲ್ಲ. ಠಸ್ಸೆ ಬಿತ್ತು, ನಾಲ್ಕು ಹೆಜ್ಜೆ ನಡೆದರೆ ಇಂಗ್ಲಿಷ್ ಹೋಗಿ ಫ್ರೆಂಚ್ ಶುರು. ದುಡ್ಡು ಕೂಡ ಬೇರೆ, ಸಿಎಫ್ಎ ಫ್ರಾಂಕ್. ಒಂದು ರೂಪಾಯಿಗೆ ಒಂಬತ್ತೂವರೆ ಫ್ರಾಂಕ್ ಹತ್ತಿರ ಇತ್ತು ಆಗ. ಎಂಟು ದೇಶಗಳು ಸೇರಿ ಬಳಸುವ ಈ ದುಡ್ಡನ್ನು ಯೂರೋಗೆ ಕಟ್ಟಿಹಾಕಿದ್ದಾರೆ, ಒಂದು ಯೂರೋಗೆ 655.957 ಅಂತ. ಫ್ರಾನ್ಸಿನಿಂದ 1960ರ ಆಗಸ್ಟ್ 5ರಂದು ಸ್ವಾತಂತ್ರ್ಯ ಸಿಕ್ಕಿದರೂ ಈ ಗಂಟು ಮಾತ್ರ ಬಿಚ್ಚಿಲ್ಲ ಅಂತ ಅಲ್ಲಿಯ ಓದಿದ ಹುಡುಗರು ಸಿಟ್ಟಿನಿಂದ ಹೇಳುತ್ತಾರೆ.

ಪೋ ಎಂಬ ಊರಿನಲ್ಲಿ ಇಬ್ಬರು ಹತ್ತಿದರು. ಹತ್ತಿದವರೇ ಮುಂದೆ ಕೂತಿದ್ದ ಒಬ್ಬ ಹಿರಿಯರನ್ನು ಬೈಯಲು ಶುರು ಮಾಡಿದರು. ಆ ಹಿರಿಯರೂ ಬಿಡಲಿಲ್ಲ. ನನಗೆ ಗಾಬರಿ. ಭಾವ ನಗುತ್ತಾ ಹೇಳಿದರು: ಇವರು ಗುರುನ್ಸಿ ಜನಾಂಗ, ಅವರು ಬಿಸಾ ಜನಾಂಗ, ಇವರಿಬ್ಬರ ನಡುವೆ ಹಾಸ್ಯದ ನೆಂಟಸ್ತಿಕೆ ಇದೆ. ಎಷ್ಟು ಬೇಕಾದರೂ ಕಾಲೆಳೆಯಬಹುದು, ಸಿಟ್ಟು ಮಾತ್ರ ಮಾಡಿಕೊಳ್ಳುವ ಹಾಗಿಲ್ಲ. ಬಿಸಾ ಜನರನ್ನು ಶೇಂಗಾ ತಿನ್ನುವವರು ಅಂತ ಚುಡಾಯಿಸುವುದು ಮಾಮೂಲಿ. ಮೊಸ್ಸಿಗಳಿಗೂ ಸಾಮೋ ಜನರಿಗೂ ಹೀಗೇ ಇದೆ, ಬೋಬೋಗಳಿಗೂ ಫುಲಾನಿಗಳಿಗೂ ಇದೆ. ಅರುವತ್ತಕ್ಕೂ ಹೆಚ್ಚು ಭಾಷೆ ಇರುವ ದೇಶದಲ್ಲಿ ಜನ ಒಬ್ಬರನ್ನೊಬ್ಬರು ಹೀಗೆ ಹಿಡಿದಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಬೀಗರು ಒಬ್ಬರಿಗೊಬ್ಬರು ಬಯ್ಯುವ ಹಾಡು ಹೇಳುತ್ತಾರಲ್ಲ, ಅದೇ ಸಲುಗೆ. ಕೊನೆಗೆ ಆ ಹಿರಿಯರು ಚೀಲದಿಂದ ಹುರಿದ ಶೇಂಗಾವನ್ನೇ ತೆಗೆದು ಎಲ್ಲರಿಗೂ ಹಂಚಿದರು, ನಮಗೂ ಒಂದು ಬೊಗಸೆ ಬಂತು.

ರಾತ್ರಿ ವಾಗಡುಗು. ಊರಿನವರು ಪ್ರೀತಿಯಿಂದ ವಾಗಾ ಅಂತಾರೆ. ನಿದ್ದೆ ಬಿಟ್ಟು ಬೇರೇನೂ ಬೇಕಿರಲಿಲ್ಲ.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಮೊರೊ ನಾಬಾ ಅರಮನೆ ಮುಂದೆ ನಿಂತಿದ್ದೆವು. ಮೊರೊ ನಾಬಾ ಅಂದರೆ ಮೊಸ್ಸಿ ಜನರ ಅರಸ. ದೇಶದ ಅರ್ಧದಷ್ಟು ಜನ ಮೊಸ್ಸಿಗಳೇ. ಈಗಿನ ಅರಸರು ಬಾವೋಂಗೊ, 1982ರಿಂದ ಪಟ್ಟದಲ್ಲಿದ್ದಾರೆ. ಪ್ರತಿ ಶುಕ್ರವಾರ ಒಂದು ಆಚರಣೆ ನಡೆಯುತ್ತದೆ. ಸರದಾರರೆಲ್ಲ ಬಂದು ನೆಲದ ಮೇಲೆ ಕೂರುತ್ತಾರೆ. ಜೀನು ಹಾಕಿದ ಕುದುರೆ ಸಿದ್ಧವಾಗಿ ನಿಂತಿರುತ್ತದೆ. ಅರಸರು ಕೆಂಪು ನಿಲುವಂಗಿಯಲ್ಲಿ ಹೊರಗೆ ಬರುತ್ತಾರೆ, ಯುದ್ಧಕ್ಕೆ ಹೊರಟ ಹಾಗೆ. ಸರದಾರರು ಹೋಗಬೇಡಿ ಅಂತ ಬೇಡುತ್ತಾರೆ. ಅರಸರು ಒಳಗೆ ಹೋಗಿ ಬಿಳಿ ಬಟ್ಟೆ ಉಟ್ಟು ಮರಳಿ ಬರುತ್ತಾರೆ, ಕುದುರೆಯ ಜೀನು ಇಳಿಸುತ್ತಾರೆ, ತೋಪು ಹಾರುತ್ತದೆ. ಅಷ್ಟೇ. ಹಿಂದೆ ಒಬ್ಬ ಅರಸ ಯಾಕೆ ಹೊರಟಿದ್ದ ಅನ್ನುವುದಕ್ಕೆ ಒಂದೊಂದು ಬಾಯಲ್ಲಿ ಒಂದೊಂದು ಕಾರಣ, ಹೆಂಡತಿ ಬಿಟ್ಟುಹೋದಳು ಅನ್ನುವವರೂ ಇದ್ದಾರೆ, ದಾಯಾದಿ ಮೇಲೆ ಯುದ್ಧಕ್ಕೆ ಅನ್ನುವವರೂ ಇದ್ದಾರೆ. ನನಗೆ ಕಾರಣಕ್ಕಿಂತ ಆ ಮರಳಿ ಬರುವುದೇ ದೊಡ್ಡದು ಅನ್ನಿಸಿತು. ಊರನ್ನು ಬಿಟ್ಟುಹೋಗಬೇಡ ಅಂತ ಜನ ಕೇಳುವುದು, ಅರಸ ಆ ಮಾತು ಕೇಳುವುದು, ಅದನ್ನು ವಾರ ವಾರ ಎಲ್ಲರೂ ಕೂತು ನೋಡುವುದು. ಫೋಟೋ ತೆಗೆಯುವ ಹಾಗಿಲ್ಲ, ನಾವು ತೆಗೆಯಲಿಲ್ಲ. ನಾವು ಹೋಗಿಬಂದ ಆರೇಳು ತಿಂಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಲ್ಲಿ ಕ್ಷಿಪ್ರಕ್ರಾಂತಿಯ ಪ್ರಯತ್ನ ನಡೆದು ಸೇನೆಯ ಎರಡು ಬಣಗಳು ಎದುರುಬದುರು ನಿಂತಾಗ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇದೇ ಅರಮನೆಯಲ್ಲಿ, ಇದೇ ಅರಸರ ಎದುರಿಗೆ.

ಮಧ್ಯಾಹ್ನ ಸುಟ್ಟುಹೋದ ಪಾರ್ಲಿಮೆಂಟ್ ಕಟ್ಟಡ ನೋಡಿದೆವು. 27 ವರ್ಷ ಆಳಿದ ಬ್ಲೇಸ್ ಕಂಪಾವೊರೆ ಇನ್ನೊಂದು ಸಲ ಚುನಾವಣೆಗೆ ನಿಲ್ಲಲು ಸಂವಿಧಾನ ತಿದ್ದಲು ಹೊರಟಾಗ, 2014ರ ಅಕ್ಟೋಬರ್ 30ರಂದು ಜನ ನುಗ್ಗಿ ಬೆಂಕಿ ಹಾಕಿದರು. ಮರುದಿನ ಅವರು ಅಧಿಕಾರ ಬಿಟ್ಟರು. ನಾವು ಹೋದಾಗ ಇನ್ನೂ ನಾಲ್ಕೇ ತಿಂಗಳು. ಗೋಡೆಗಳ ಮೇಲೆ ಎಲ್ಲಿ ನೋಡಿದರೂ ಒಂದೇ ಮುಖ, ಕೆಂಪು ಟೋಪಿಯ ಥಾಮಸ್ ಸಂಕಾರಾ.

ಸಂಕಾರಾ ಬಗ್ಗೆ ಇಲ್ಲಿ ಹೇಳಲೇಬೇಕು. 33ನೇ ವಯಸ್ಸಿನಲ್ಲಿ, 1983ರ ಆಗಸ್ಟ್ 4ರಂದು ಅಧಿಕಾರ ಹಿಡಿದ ಸೈನಿಕ. ಮರುವರ್ಷ ಅದೇ ದಿನ 'ಅಪ್ಪರ್ ವೋಲ್ಟಾ' ಎಂಬ ಫ್ರೆಂಚರು ಕೊಟ್ಟ ಹೆಸರು ತೆಗೆದು ಬುರ್ಕಿನಾ ಫಾಸೊ ಅಂತ ಇಟ್ಟರು. ಬುರ್ಕಿನಾ ಅನ್ನುವುದು ಮೊಸ್ಸಿಗಳ ಮೋರೆ ಭಾಷೆಯ ಮಾತು, ನೆಟ್ಟಗೆ ನಡೆಯುವವರು ಅಂತ. ಫಾಸೊ ಡಿಯುಲಾ ಭಾಷೆಯ ಮಾತು, ಅಪ್ಪನ ಮನೆ ಅಂತ. ಅಲ್ಲಿಯ ಜನರನ್ನು ಬುರ್ಕಿನಾಬೆ ಅನ್ನುತ್ತಾರೆ, ಆ 'ಬೆ' ಫುಲಾನಿಗಳ ಭಾಷೆಯಿಂದ ಬಂದದ್ದು. ದೇಶದ ಒಂದು ಹೆಸರಿನಲ್ಲಿ ಮೂರು ಭಾಷೆಗೆ ಪಾಲು. ಮಂತ್ರಿಗಳ ಮರ್ಸಿಡಿಸ್ ಕಾರು ಮಾರಿಸಿ ಸಣ್ಣ ರೆನೋ 5 ಕೊಡಿಸಿದರು. ಎರಡು ವಾರದಲ್ಲಿ ಸುಮಾರು 25 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸಿದರು. ಸರ್ಕಾರಿ ನೌಕರರು ಫಾಸೊ ದಾನ್ ಫಾನಿ ಎಂಬ ಕೈಮಗ್ಗದ ಹತ್ತಿ ಬಟ್ಟೆ ಉಡಬೇಕು ಅಂತ ಕಟ್ಟುನಿಟ್ಟು ಮಾಡಿದರು. ಗರಗದ ಖಾದಿ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮುಷ್ಕರ ಮಾಡಿದ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕೆಲಸದಿಂದ ಕಿತ್ತುಹಾಕಿದವರೂ ಅವರೇ, ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1987ರ ಅಕ್ಟೋಬರ್ 15ರಂದು ಇನ್ನೂ ಹನ್ನೆರಡು ಜನರ ಜೊತೆ ಅವರನ್ನು ಕೊಂದರು. ಆಮೇಲೆ ಕುರ್ಚಿಯಲ್ಲಿ ಕೂತವರು ಅವರ ಗೆಳೆಯರೇ ಆಗಿದ್ದ ಕಂಪಾವೊರೆ. 2022ರಲ್ಲಿ ಅಲ್ಲಿಯ ಸೇನಾ ನ್ಯಾಯಾಲಯ ಕಂಪಾವೊರೆ ಗೈರುಹಾಜರಿಯಲ್ಲೇ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಸಂಜೆ ದಾನ್ಯೋಯೆನ್ ಸ್ಮಶಾನಕ್ಕೆ ಹೋದೆವು. ಕೊಂದ ದಿನ ರಾತ್ರೋರಾತ್ರಿ ಸಂಕಾರಾ ಅವರನ್ನು ಹೂತಿದ್ದು ಅಲ್ಲಿ. ಸಿಮೆಂಟಿನ ಸಾದಾ ಗೋರಿಗಳ ಸಾಲು. ಇಪ್ಪತ್ತರ ಆಸುಪಾಸಿನ ಮೂರು ಹುಡುಗರು ಬೈಕು ನಿಲ್ಲಿಸಿ ಬಂದು ಸುಮ್ನೆ ನಿಂತರು. ಅವರು ಹುಟ್ಟುವ ಮೊದಲೇ ಸತ್ತ ಮನುಷ್ಯನಿಗಾಗಿ ಬಂದಿದ್ದರು. ಒಬ್ಬ ಗೋರಿಯ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ.

ಮೂರನೇ ದಿನ, ಶನಿವಾರ

ಅವತ್ತು ಫೆಸ್ಪಾಕೊ ಶುರು. ಆಫ್ರಿಕಾದ ಅತಿ ದೊಡ್ಡ ಸಿನಿಮಾ ಹಬ್ಬ, 1969ರಿಂದ ನಡೆಯುತ್ತಿದೆ, ಎರಡು ವರ್ಷಕ್ಕೊಮ್ಮೆ. ಇಷ್ಟು ಬಡ ದೇಶಕ್ಕೆ ಸಿನಿಮಾ ಹಬ್ಬ ಯಾಕೆ ಅಂತ ಕೇಳುವವರಿಗೆ ವಾಗಾದ ಬೀದಿಯೇ ಉತ್ತರ. ಊರ ನಡುವೆ ಸಿನಿಮಾದವರ ವೃತ್ತ ಅಂತಲೇ ಇದೆ, ಅದರ ಮಧ್ಯೆ ಫಿಲ್ಮ್ ರೀಲುಗಳನ್ನು ಪೇರಿಸಿದ ಹಾಗೆ ಕಾಣುವ ಗೋಪುರ. ಗೆದ್ದವರಿಗೆ ಕೊಡುವುದು ಯೆನ್ನೆಂಗಾಳ ಚಿನ್ನದ ಕುದುರೆ. ಯೆನ್ನೆಂಗಾ ಮೊಸ್ಸಿಗಳ ಮೂಲ ತಾಯಿ. ಯುದ್ಧದಲ್ಲಿ ಗಟ್ಟಿಗಿತ್ತಿಯಾದ ಮಗಳನ್ನು ಮದುವೆ ಮಾಡಿಕೊಡಲು ಅಪ್ಪ ಒಪ್ಪಲಿಲ್ಲ, ಆಕೆ ಕುದುರೆ ಹತ್ತಿ ಓಡಿಹೋದಳು, ಕಾಡಿನಲ್ಲಿ ಆನೆ ಬೇಟೆಗಾರ ರಿಯಾಲೆ ಸಿಕ್ಕಿದ, ಹುಟ್ಟಿದ ಮಗನಿಗೆ ವೆಡ್ರಾಗೊ ಅಂತ ಹೆಸರಿಟ್ಟರು, ಗಂಡು ಕುದುರೆ ಅಂತ ಅರ್ಥ. ಇವತ್ತು ಅಲ್ಲಿ ಹತ್ತು ಜನರನ್ನು ಮಾತಾಡಿಸಿದರೆ ಒಬ್ಬರಿಬ್ಬರ ಅಡ್ಡಹೆಸರು ವೆಡ್ರಾಗೊ ಇರುತ್ತದೆ. 1990ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗೆದ್ದ ಇದ್ರಿಸ್ಸಾ ವೆಡ್ರಾಗೊ ಈ ದೇಶದವರೇ.

ಊರು ತುಂಬ ಬೈಕು, ಮೊಪೆಡ್ಡು. ಉದ್ದ ಗೌನು ಹಾಕಿದ ಹೆಂಗಸರು ಬೆನ್ನಿಗೆ ಮಗು ಕಟ್ಟಿಕೊಂಡು ನೆಟ್ಟಗೆ ಕೂತು ಓಡಿಸುತ್ತಾರೆ. ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಗಾಳಿಯ ಧೂಳು ಇನ್ನೂ ಇತ್ತು, ಮಧ್ಯಾಹ್ನದ ಸೂರ್ಯ ಹಾಲಿನ ತಟ್ಟೆಯ ಹಾಗೆ ಕಾಣುತ್ತಿದ್ದ.

ಊಟ ಮಾತ್ರ ನನಗೆ ಮನೆ ಊಟ. ಅಲ್ಲಿಯ ದಿನದ ಊಟ 'ತೋ', ಸಜ್ಜೆ ಅಥವಾ ಜೋಳದ ಹಿಟ್ಟು ಕುದಿಸಿ ತಿರುವಿದ ಮುದ್ದೆ. ಬೆಂಡೆಕಾಯಿ ಸಾರು, ಇಲ್ಲವೇ ದೊಡ್ಡಹುಣಸೆ ಎಲೆಯ ಸಾರು. ನಾವು ಕೈ ಮುಗಿಯುವ ಮರದ ಎಲೆಯನ್ನು ಇವರು ಸೊಪ್ಪಿನ ಹಾಗೆ ದಿನಾ ಉಣ್ಣುತ್ತಾರೆ. ಮುದ್ದೆ ಮುರಿದು, ಅದ್ದಿ, ನುಂಗುವುದು. ನಾನು ಬಲಗೈಯಲ್ಲಿ ಸಲೀಸಾಗಿ ಉಂಡಿದ್ದು ನೋಡಿ ಹೋಟೆಲಿನ ಅಮ್ಮ ಇನ್ನೊಂದು ಉಂಡೆ ಹಾಕಿದರು. ಮಾಂಸ ಬೇಡ ಅಂದಾಗ 'ಬೆಂಗಾ' ಕೊಟ್ಟರು. ಬೆಂಗಾ ಅಂದರೆ ಬೇಯಿಸಿದ ಅಲಸಂದೆ. ಸಜ್ಜೆ, ಅಲಸಂದೆ ಎರಡೂ ಮೊದಲು ಬೆಳೆದದ್ದು ಪಶ್ಚಿಮ ಆಫ್ರಿಕಾದ ಈ ಒಣ ನೆಲದ ಆಸುಪಾಸಿನಲ್ಲೇ. ಸಾವಿರಾರು ವರ್ಷದ ಹಿಂದೆ ಯಾರ ಯಾರ ಕೈ ದಾಟಿಯೋ ನಮ್ಮ ಹೊಲಕ್ಕೆ ಬಂದವು. ಎಳ್ಳಮಾವಾಸ್ಯೆಗೆ ನಮ್ಮಮ್ಮ ಮಾಡುವ ಸಜ್ಜೆ ರೊಟ್ಟಿ ನೆನಪಾಯಿತು. ಊಟದ ಮೇಲೆ ಝೂಮ್‌ಕೂಮ್ ಕುಡಿದೆವು. ಹಿಟ್ಟು, ನೀರು ಅಂತಲೇ ಆ ಮಾತಿನ ಅರ್ಥ. ಶುಂಠಿ, ಹುಣಸೆಹುಳಿ ಹಾಕಿದ ಅಂಬಲಿ.

ನಾಲ್ಕು ಮತ್ತು ಐದನೇ ದಿನ

ಭಾನುವಾರ ಬಸ್ಸಿನಲ್ಲಿ ಬೋಬೋ ಡಿಯುಲಾಸೊಗೆ, 350 ಕಿಲೋಮೀಟರ್. ನಡುದಾರಿಯಲ್ಲಿ ಬಸ್ಸು ಕೆಟ್ಟಿತು. ಬದಲಿ ಬಸ್ಸು ಬರಲು ನಾಲ್ಕು ಗಂಟೆ, ಕಂಪನಿಯವರು ನೀರು ಸಹ ಕೊಡಲಿಲ್ಲ. ಹತ್ತಿರದ ಹಳ್ಳಿಯ ಹೆಂಗಸರೇ ಕೊಡದಲ್ಲಿ ನೀರು ತಂದರು, ದುಡ್ಡು ಮುಟ್ಟಲಿಲ್ಲ. "ಬಾರ್ಕಾ" ಅಂದೆ, ಮೋರೆಯಲ್ಲಿ ಧನ್ಯವಾದ ಹೇಳುವುದು ಹಾಗೆ. ನಮ್ಮಲ್ಲಿ ರಾಶಿ ಮಾಡುವಾಗ ಬರ್ಕತ್ತು ಇರಲಿ ಅನ್ನುತ್ತಾರಲ್ಲ, ಎರಡೂ ಒಂದೇ ಅರಬ್ಬಿ ಬೇರಿನ ಮಾತು.

ಆ ಹಳ್ಳಿಯ ಬದಿಯಲ್ಲಿ ಮನೆ ಎತ್ತರದ ಹತ್ತಿ ರಾಶಿ ಇತ್ತು, ಲಾರಿಗೆ ಕಾಯುತ್ತಿತ್ತು. ಬುರ್ಕಿನಾ ಆಫ್ರಿಕಾದ ದೊಡ್ಡ ಹತ್ತಿ ದೇಶಗಳಲ್ಲಿ ಒಂದು. 2009ರಲ್ಲಿ ಚಿನ್ನ ಮುಂದೆ ಹೋಗುವ ತನಕ ರಫ್ತಿನಲ್ಲಿ ಹತ್ತಿಯೇ ಮೊದಲು. ನಾನು ಹಾವೇರಿ ಜಿಲ್ಲೆಯವನು, ಹತ್ತಿ ಕಂಡರೆ ಎಳೆ ಎಳೆದು ನೋಡುವ ಚಟ. ಅಲ್ಲಿಯ ರೈತರಿಗೂ 2008ರಿಂದ ಬಿಟಿ ಬೀಜ ಕೊಟ್ಟಿದ್ದರು. ಹುಳದ ಕಾಟ ಕಡಿಮೆಯಾಯಿತು, ಇಳುವರಿಯೂ ಬಂತು, ಆದರೆ ಎಳೆ ಗಿಡ್ಡವಾಯಿತು. ಬುರ್ಕಿನಾ ಹತ್ತಿಗೆ ಹೆಸರು ಇದ್ದದ್ದೇ ಉದ್ದನೆಯ ಎಳೆಗೆ. ಪೇಟೆಯಲ್ಲಿ ಬೆಲೆ ಬಿತ್ತು. ನಾವು ಹೋದ ಮರುವರ್ಷದ ಹೊತ್ತಿಗೆ ಅವರು ಬಿಟಿಯನ್ನು ಪೂರ್ತಿ ಕೈಬಿಟ್ಟು ಹಳೇ ತಳಿಗೆ ಮರಳಿದರು. ನಮ್ಮ ಕಡೆ ಅಂಗಡಿಗೆ ಹೋದರೆ ಬೇರೆ ಹತ್ತಿ ಬೀಜವೇ ಸಿಗುವುದಿಲ್ಲ. ಅವರು ತಳಿ ಉಳಿಸಿಕೊಂಡಿದ್ದರು, ಅದಕ್ಕೇ ಮರಳಲು ಆಯಿತು ಅಂತ ನನ್ನ ಅನಿಸಿಕೆ.

ಸೋಮವಾರ ಬೋಬೋದ ಹಳೇ ಮಸೀದಿ. 1880ರ ದಶಕದ್ದು, ಪೂರ್ತಿ ಮಣ್ಣಿನದು. ಸುಣ್ಣ ಬಳಿದ ಕೋನದಂಥ ಗೋಪುರಗಳು, ಗೋಡೆಯಿಂದ ಹೊರಗೆ ಚಾಚಿದ ತೊಲೆಗಳು. ಆ ತೊಲೆಗಳು ಚಂದಕ್ಕೆ ಅಂತ ಅಂದುಕೊಂಡಿದ್ದೆ. ಮಳೆಗಾಲ ಮುಗಿದ ಮೇಲೆ ಅವುಗಳ ಮೇಲೆ ಹತ್ತಿ ನಿಂತೇ ಗೋಡೆಗೆ ಮತ್ತೆ ಮಣ್ಣು ಮೆತ್ತುತ್ತಾರಂತೆ. ಸಾರ್ವೆ ಕಟ್ಟಡದೊಳಗೇ ಇದೆ. ಪಕ್ಕದ ಡಿಯುಲಾಸೊಬಾ ಕೇರಿಯಲ್ಲಿ ಕಮ್ಮಾರರು, ಜೋಳದ ಬಿಯರ್ 'ದೋಲೊ' ಕುದಿಸುವ ಹೆಂಗಸರು, ಹುವೆ ಹಳ್ಳದಲ್ಲಿ ಯಾರೂ ಹಿಡಿಯದ ದೇವರ ಮೀನು. ನಮ್ಮ ಶೃಂಗೇರಿಯಲ್ಲೂ ಹಾಗೇ ಅಲ್ವಾ.

ಬೋಬೋ ರೈಲು ನಿಲ್ದಾಣದ ಬಗ್ಗೆ ಒಂದು ಮಾತು. ಅಬಿಜಾನ್ ಬಂದರಿನಿಂದ ಹಳಿ ಇಲ್ಲಿಗೆ ಬಂದಿದ್ದು 1934ರಲ್ಲಿ, ವಾಗಾಗೆ 1954ರಲ್ಲಿ. ಆ ಹಳಿಯ ಮೇಲೆ ಸರಕಿನ ಜೊತೆ ಕೂಲಿಯವರೂ ಹೋದರು. ಫ್ರೆಂಚರು 1919ರಲ್ಲಿ ಈ ವಸಾಹತು ಮಾಡಿದರು, 1932ರಲ್ಲಿ ಅಳಿಸಿ ನೆರೆಯ ವಸಾಹತುಗಳಿಗೆ ಹಂಚಿಬಿಟ್ಟರು, ಐವರಿ ಕೋಸ್ಟಿನ ತೋಟಗಳಿಗೆ ಆಳು ಸಿಗಲಿ ಅಂತ. 1947ರಲ್ಲಿ ಮತ್ತೆ ಕೂಡಿಸಿದರು. ಅಷ್ಟರಲ್ಲಿ ಗುಳೆ ಹೋಗುವುದು ಜನರ ಬದುಕೇ ಆಗಿತ್ತು, ಈಗಲೂ ಲಕ್ಷಾಂತರ ಬುರ್ಕಿನಾಬೆಗಳು ಐವರಿ ಕೋಸ್ಟಿನ ಕೋಕೋ ತೋಟಗಳಲ್ಲಿದ್ದಾರೆ. ಗುಳೆ ಅನ್ನುವ ಮಾತಿನ ಭಾರ ಕೊಪ್ಪಳ, ರಾಯಚೂರಿನವರಿಗೆ ಗೊತ್ತು.

ಆರು, ಏಳು

ಬೋಬೋದಿಂದ ಬಾನ್ಫೋರಾಗೆ ಹೋದೆವು, ಆ ಊರ ಸುತ್ತೆಲ್ಲ ಹಸಿರು. ಕಬ್ಬಿನ ಗದ್ದೆ, ಮಾವಿನ ತೋಪು, ಕಾರ್ಫಿಗೇಲಾ ಜಲಪಾತ. ಫಾಬೆಡುಗುವಿನಲ್ಲಿ ಜೇನುಗೂಡಿನ ಹಾಗೆ ಪದರ ಪದರವಾದ ಕಲ್ಲಿನ ಗುಮ್ಮಟಗಳು, ಹತ್ತಿ ಕೂರಬಹುದು. ತೆಂಗ್ರೆಲಾ ಕೆರೆಯಲ್ಲಿ ದೋಣಿಯಿಂದ ನೀರಾನೆಗಳ ಕಿವಿ, ಮೂಗು ನೋಡಿದೆವು. ಚಂದ ಜಾಗ. ಮರುದಿನ ಪೂರ್ತಿ ವಾಪಸ್ ಬಸ್ಸಿನಲ್ಲೇ ಕಳೆಯಿತು.

ಎಂಟನೇ ದಿನ, ಗುರುವಾರ

ಇಡೀ ಪ್ರವಾಸದಲ್ಲಿ ಒಂದೇ ದಿನ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ವಾಗಾದಿಂದ ವಾಯುವ್ಯಕ್ಕೆ 180 ಕಿಲೋಮೀಟರ್ ವಾಹಿಗುಯಾ. ಯಾತೆಂಗಾ ಸೀಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಮೂರ್ನಾಲ್ಕು ತಿಂಗಳಲ್ಲಿ. 1970 ಮತ್ತು 80ರ ದಶಕದ ಬರದಲ್ಲಿ ಇಲ್ಲಿಯ ನೆಲ ಸುಟ್ಟ ಹೆಂಚಿನ ಹಾಗೆ ಆಗಿ, ಹಳ್ಳಿಗೆ ಹಳ್ಳಿಯೇ ಖಾಲಿಯಾಗಿತ್ತು. ಆಗ ಗೂರ್ಗಾ ಎಂಬ ಹಳ್ಳಿಯ ಯಾಕೂಬಾ ಸವಡೋಗೊ ಎಂಬ ರೈತ ಊರು ಬಿಡಲಿಲ್ಲ. ಅಲ್ಲಿ 'ಝಾಯ್' ಅಂತ ಹಳೇ ಪದ್ಧತಿ ಇತ್ತು, ಗಟ್ಟಿ ನೆಲದಲ್ಲಿ ಗುಂಡಿ ತೋಡಿ ಬಿತ್ತುವುದು. ಅವರು ಗುಂಡಿಯನ್ನು ದೊಡ್ಡದು ಮಾಡಿದರು, ಬೇಸಿಗೆಯಲ್ಲೇ ಗೊಬ್ಬರ ತುಂಬಿದರು, ಮಳೆಗೆ ಮೊದಲೇ ಸಿದ್ಧ ಇಟ್ಟರು. ಬೇಸಿಗೆಯಲ್ಲಿ ನೆಲ ಕೆದಕುವುದು ಅಲ್ಲಿಯ ರೂಢಿಗೆ ವಿರುದ್ಧ. ಜನ ಹುಚ್ಚ ಅಂದರು, ಬೆಳೆದದ್ದಕ್ಕೆ ಬೆಂಕಿಯನ್ನೂ ಹಚ್ಚಿದರು. ಅವರು ಮತ್ತೆ ತೋಡಿದರು.

ನಾವು ಯಾಕೂಬಾ ಅವರನ್ನು ಕಾಣಲಿಲ್ಲ. ಊರ ಹೊರಗೆ ಒಂದು ಹೊಲದಲ್ಲಿ ಗಂಡಹೆಂಡತಿ ಝಾಯ್ ತೋಡುತ್ತಿದ್ದರು, ಅಲ್ಲೇ ಇಳಿದೆವು. ಮಾರ್ಚ್ ತಿಂಗಳು, 40 ಡಿಗ್ರಿ ಹತ್ತಿರ ಬಿಸಿಲು. ಕೈಯಲ್ಲಿ 'ದಾಬಾ', ನಮ್ಮ ಸಲಿಕೆಗಿಂತ ಗಿಡ್ಡ ಕಾವಿನ ಗುದ್ದಲಿ. ಕೇಳಿ ತೆಗೆದುಕೊಂಡು ನಾನೂ ಒಂದು ಗುಂಡಿ ತೋಡಿದೆ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಗಲ, ಒಂದು ಚೋಟು ಆಳ. ಮೇಲಿನ ಪದರ ಕಲ್ಲಿನ ಹಾಗೆ, ಗುದ್ದಲಿ ಪುಟಿಯುತ್ತದೆ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಹಾಗೆ ಒಟ್ಟಬೇಕು, ಹರಿದು ಬರುವ ನೀರು ನಿಲ್ಲಲಿ ಅಂತ. ಆಮೇಲೆ ಎರಡು ಬೊಗಸೆ ಸಗಣಿ ಗೊಬ್ಬರ. ಆ ವಾಸನೆಗೆ ಗೆದ್ದಲು ಬರುತ್ತದೆ, ನೆಲದೊಳಗೆ ಸಣ್ಣ ಸಣ್ಣ ಸುರಂಗ ಕೊರೆಯುತ್ತದೆ, ಮೊದಲ ಮಳೆಯ ನೀರು ಅದರಲ್ಲಿ ಕೆಳಗಿಳಿಯುತ್ತದೆ. ನಾವು ಗೆದ್ದಲು ಕಂಡರೆ ಔಷಧ ಹುಡುಕುತ್ತೇವೆ, ಇವರು ಅದನ್ನು ಆಳಿನ ಹಾಗೆ ಕೆಲಸಕ್ಕೆ ಕರೆಯುತ್ತಾರೆ. ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಜಾಸ್ತಿ ಗುಂಡಿ ಬೇಕು. ನನ್ನ ಒಂದು ಗುಂಡಿಗೆ ಐದು ನಿಮಿಷ ಹಿಡಿಯಿತು. ಆಕೆ ಅದನ್ನು ಬಗ್ಗಿ ನೋಡಿ, ಅಂಚನ್ನು ಕಾಲಿನಲ್ಲಿ ಸ್ವಲ್ಪ ಒತ್ತಿ ಸರಿಮಾಡಿ, ತಲೆ ಆಡಿಸಿದರು.

ಸ್ವಲ್ಪ ದೂರದಲ್ಲಿ ಹಿಂದಿನ ವರ್ಷದ ಗುಂಡಿಗಳಿದ್ದವು. ಸಜ್ಜೆಯ ಕೂಳೆ, ಅದರ ಪಕ್ಕದಲ್ಲೇ ಗೊಬ್ಬರದ ಜೊತೆ ಬಂದ ಬೀಜದಿಂದ ಎದ್ದ ಮರದ ಸಸಿಗಳು. ಅವನ್ನು ಕೀಳುವುದಿಲ್ಲ. ಯಾಕೂಬಾ ಅವರ ಬರಡು ನೆಲ ಹೀಗೆಯೇ ಇಪ್ಪತ್ತು ಹೆಕ್ಟೇರಿಗೂ ಹೆಚ್ಚಿನ ಕಾಡಾಯಿತು. ಹೊಲದ ಉದ್ದಕ್ಕೂ ಸಮಪಾತಳಿಯಲ್ಲಿ ಕಲ್ಲಿನ ಸಾಲು, ನಮ್ಮ ಒಡ್ಡಿನ ಹಾಗೆ ಆದರೆ ನೀರು ಸೋಸಿಕೊಂಡು ಹೋಗುವಂಥದ್ದು. ಇದಕ್ಕೆ ಡೀಸೆಲ್ ಬೇಡ, ಬಂದರಿನಿಂದ ಲಾರಿ ಬರಬೇಕಿಲ್ಲ.

2018ರಲ್ಲಿ ಯಾಕೂಬಾ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಗಂಡಹೆಂಡತಿ. ಯಾಕೆಂದರೆ ಈಗ ಆ ದಾರಿಯಲ್ಲಿ ಸುಮ್ನೆ ಹೋಗಿಬರುವ ಹಾಗಿಲ್ಲ. 2016ರ ಜನವರಿಯಲ್ಲಿ ವಾಗಾದಲ್ಲೇ ಉಗ್ರರ ದಾಳಿಯಾಯಿತು, ಆಮೇಲೆ ಉತ್ತರ ಮತ್ತು ಪೂರ್ವದ ಹಳ್ಳಿಗಳು ಒಂದೊಂದಾಗಿ ಖಾಲಿಯಾದವು. 2023ರ ಮಾರ್ಚ್ ಹೊತ್ತಿಗೆ ಮನೆಮಠ ಬಿಟ್ಟವರ ಸರ್ಕಾರಿ ಲೆಕ್ಕವೇ 20 ಲಕ್ಷ ದಾಟಿತ್ತು, ಅಂದರೆ ಹತ್ತರಲ್ಲಿ ಒಬ್ಬರು. 2022ರ ಒಂದೇ ವರ್ಷದಲ್ಲಿ ಎರಡು ಸಲ ಸೇನೆ ಅಧಿಕಾರ ಹಿಡಿಯಿತು. ಬರ ಬಂದಾಗ ಊರು ಬಿಡದೆ ನೆಲ ಉಳಿಸಿಕೊಂಡ ಜನ ಬಂದೂಕಿಗೆ ಹೆದರಿ ಊರು ಬಿಡಬೇಕಾಯಿತು. ನಾನು ತೋಡಿದ ಗುಂಡಿಯಲ್ಲಿ ಆ ವರ್ಷ ಸಜ್ಜೆ ತೆನೆ ಬಿಟ್ಟಿತ್ತಾ ಅಂತ ಮಳೆಗಾಲ ಬಂದಾಗೆಲ್ಲ ಯೋಚಿಸುತ್ತೇನೆ.

ಒಂಬತ್ತನೇ ದಿನ

ವಾಗಾಕ್ಕೆ ಮರಳಿ, ಸಂಜೆ ನೀರ್ವಾಯಾ ಥಿಯೇಟರಿನಲ್ಲಿ ಒಂದು ಸಿನಿಮಾ. ಭಾಷೆ ಅರ್ಥವಾಗಲಿಲ್ಲ. ಜನ ಪರದೆಯ ಜೊತೆ ಮಾತಾಡುತ್ತಿದ್ದರು, ತಪ್ಪು ಮಾಡುವ ಪಾತ್ರಕ್ಕೆ ಬುದ್ಧಿ ಹೇಳುತ್ತಿದ್ದರು. ನಮ್ಮ ಕಡೆ ದೊಡ್ಡಾಟ ನೋಡುವಾಗ ಮುದುಕರು ಹೀಗೇ ಮಾಡುತ್ತಾರೆ.

ಹತ್ತನೇ ದಿನ, ಮಾರ್ಚ್ 7

ಗಡಿ ದಾಟುವ ಮೊದಲು ತಿಯೆಬೆಲೆ. ಪೋದಿಂದ ಪೂರ್ವಕ್ಕೆ 30 ಕಿಲೋಮೀಟರ್, ಕಸೆನಾ ಜನರ ಊರು. ಅಲ್ಲಿಯ ಒಡೆಯನ ವಾಡೆ ಮಣ್ಣಿನ ಮನೆಗಳ ಗುಂಪು. ಗುಂಡಗಿನ ಮನೆ ಮದುವೆಯಾಗದ ಹುಡುಗರಿಗೆ, ಚೌಕದ್ದು ಹೊಸ ಜೋಡಿಗೆ, ಎಂಟರ ಆಕಾರದ್ದು ಅಜ್ಜಿಯರಿಗೆ ಮತ್ತು ಮಕ್ಕಳಿಗೆ. ಬಾಗಿಲು ಮೊಣಕಾಲೆತ್ತರ, ತೆವಳಿ ಹೋಗಬೇಕು. ಒಳಗೆ ಹೋದ ತಕ್ಷಣ ಒಂದು ಗಿಡ್ಡ ಗೋಡೆ, ಅದನ್ನೂ ದಾಟಬೇಕು. ಕಳ್ಳನೋ ಶತ್ರುವೋ ತಲೆ ತಗ್ಗಿಸಿ ಬಂದರೆ ಒಳಗಿದ್ದವರಿಗೆ ಹೊಡೆಯಲು ಸಲೀಸು.

ಗೋಡೆಗಳ ಮೇಲೆಲ್ಲ ಚಿತ್ರ. ಕಟ್ಟುವುದು ಗಂಡಸರು, ಬರೆಯುವುದು ಹೆಂಗಸರು. ಸುಗ್ಗಿ ಮುಗಿದು ಮಳೆ ಬರುವುದರ ಒಳಗೆ ಈ ಕೆಲಸ. ನಾವು ಹೋದಾಗ ಐದಾರು ಜನ ಒಂದು ಗೋಡೆ ಮುಂದೆ ಇದ್ದರು, ಹಿರಿಯಳೊಬ್ಬಳು ನಿಂತು ಹೇಳಿಕೊಡುತ್ತಿದ್ದಳು. ಕೆಂಪು ಮಣ್ಣಿಗೆ ಸಗಣಿ ಕಲೆಸಿ ಸಾರಿಸಿದ ಗೋಡೆ. ಅದರ ಮೇಲೆ ಕಪ್ಪು, ಬಿಳಿ ತ್ರಿಕೋನಗಳು, ಮೀನಿನ ಬಲೆಯ ಗೆರೆ, ಸೋರೆಬುರುಡೆಯ ಚೂರುಗಳು, ಹಲ್ಲಿ, ಹಾವು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಬಣ್ಣ ಹಾಕಿದ ಮೇಲೆ ನುಣುಪಾದ ಗುಂಡುಕಲ್ಲಿನಿಂದ ಉಜ್ಜುತ್ತಾರೆ. ಕೊನೆಗೆ 'ನೆರೆ' ಎಂಬ ಅಲ್ಲಿಯ ಮರದ ಕಾಯಿಸಿಪ್ಪೆ ಕುದಿಸಿದ ಕಂದು ನೀರು ಎರಚುತ್ತಾರೆ, ಅದೇ ವಾರ್ನಿಷ್. 2024ರಲ್ಲಿ ಈ ವಾಡೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂಥ ಗೋಡೆಗೆ ಬಣ್ಣ ಬೀಳುವಾಗ ಅಲ್ಲಿದ್ದೆ ಅನ್ನುವುದು ನನಗೆ ದೊಡ್ಡ ಸಂತೋಷ.

ಹಿರಿಯಾಕೆ ಒಂದು ಗುಂಡುಕಲ್ಲು ನನ್ನ ಕೈಗೆ ಕೊಟ್ಟಳು. ತಲೆತಲೆಮಾರು ಉಜ್ಜಿ ಉಜ್ಜಿ ಮೊಟ್ಟೆಯ ಹಾಗೆ ಆಗಿತ್ತು. ಒಂದು ಕಪ್ಪು ತ್ರಿಕೋನ ತೋರಿಸಿದಳು. ಮೇಲಿನಿಂದ ಕೆಳಗೆ, ಒತ್ತಿ, ನಿಧಾನಕ್ಕೆ. ಅಂಗೈಯಗಲ ಜಾಗ ಮಿಂಚಲು ಹತ್ತು ನಿಮಿಷ ಹಿಡಿಯಿತು.

ಸಂಜೆ ಡಕೋಲಾ. ಲಾರಿಗಳ ಸಾಲು ಹಾಗೇ ಇತ್ತು. ಈ ಸಲ ನಮ್ಮ ಜೊತೆ ದಕ್ಷಿಣಕ್ಕೆ ಮುಖ ಮಾಡಿದವನ್ನು ನೋಡಿದೆ. ಹಗ್ಗ ಬಿಗಿದ ಹತ್ತಿಯ ಅಂಡಿಗೆಗಳು, ಸಂದಿಯಲ್ಲಿ ಅಲ್ಲಲ್ಲಿ ಬಿಳಿ ಎಳೆ ಹೊರಗೆ ಬಂದಿತ್ತು. ಒಂದು ಎಳೆ ಎಳೆದು ಬೆರಳಿನಲ್ಲಿ ಹೊಸೆದೆ. ಮುಂದೆ ತೆಮಾ ಬಂದರಿಗೆ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್, ಚಾಲಕರು ಚಾಪೆ ಹಾಸುತ್ತಿದ್ದರು. ಠಸ್ಸೆ ಹಾಕುವವನು ಪಾಸ್‌ಪೋರ್ಟ್ ತಿರುಗಿಸಿ ನೋಡಿ, ನನ್ನ ಉಗುರಿನ ಸಂದಿಯ ಕಪ್ಪು ಬಣ್ಣ ನೋಡಿ, "ತಿಯೆಬೆಲೆ?" ಅಂದ. ಹೌದು ಅಂದೆ.